ಐದು ಸಲ ಉಳುಕಿದ ಕಾಲು, 12 ವಾರದ ಫಿಸಿಯೋಥೆರಪಿ

ನನ್ನ ಎಡಗಾಲಿನ ಹರಡು ಇಲ್ಲಿಯವರೆಗೆ 5 ಸಲ ಉಳುಕಿದೆ. ಮೊದಲ 4 ಸಲ ಎರಡು ಮೂರು ವಾರದಲ್ಲಿ ನೋವು ಹೋಯಿತು. ಐದನೇ ಸಲ ಹೋಗಲಿಲ್ಲ. 8 ತಿಂಗಳು ಕುಂಟಿದ ಮೇಲೆ ವಿಜಯಪುರದ ಈ ಚಿಕ್ಕ ಫಿಸಿಯೋಥೆರಪಿ ಸೆಂಟರಿಗೆ ಬಂದೆ. ಇಲ್ಲಿ 12 ವಾರ ಏನಾಯಿತು, ಎಷ್ಟು ಖರ್ಚಾಯಿತು, ಯಾವುದು ಹಿಡಿಸಿತು, ಯಾವುದು ಹಿಡಿಸಲಿಲ್ಲ, ಎಲ್ಲ ಬರೆಯುತ್ತೇನೆ. ನನ್ನ ಹಾಗೆ ಮತ್ತೆ ಮತ್ತೆ ಅದೇ ಕಾಲು ಹೊರಳಿಸಿಕೊಂಡು, "ಇದು ಹಿಂಗೇ ಇರೋದು" ಅಂತ ಸುಮ್ನಿದ್ದವರು ತುಂಬಾ ಜನ ಇದ್ದಾರೆ. ಅವರಿಗಾಗಿ ಇದು.

ನಾನು ದೈಹಿಕ ಶಿಕ್ಷಕಿ. ವಯಸ್ಸು 41. ಮನೆ ವಿಜಯಪುರದಲ್ಲಿ, ಕೆಲಸ ಡೋಣಿ ದಂಡೆಯ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ. ದಿನಾ ಬಸ್ಸು. ಹುಡುಗಿಯರಿಗೆ ಖೋ ಖೋ ಕಲಿಸುತ್ತೇನೆ. ಮೊದಲ ಉಳುಕು ಬಿದ್ದದ್ದೂ ಖೋ ಖೋದಲ್ಲೇ. 2003, ಕಾಲೇಜು ಟೀಮು. ಓಡುತ್ತಾ ಬಂದು ಕಂಬ ಹಿಡಿದು ಗಕ್ಕನೆ ತಿರುಗುವಾಗ ಪಾದ ಒಳಕ್ಕೆ ಮಡಚಿತು. ಎರಡನೇದು 2011ರ ಬೇಸಿಗೆಯಲ್ಲಿ. ನಮ್ಮ ಕಡೆ ಎರೆ ನೆಲ. ಏಪ್ರಿಲ್ ಬಂತೆಂದರೆ ಅಂಗೈ ಹಿಡಿಸುವಷ್ಟು ಬಿರುಕು ಬಿಡುತ್ತದೆ. ಮೈದಾನದ ಅಂಚಿನಲ್ಲಿ ಸುಣ್ಣದ ಗೆರೆ ಹಾಕುತ್ತಾ ಹಿಂದೆ ಹಿಂದೆ ನಡೆಯುವಾಗ ಹಿಮ್ಮಡಿ ಬಿರುಕಿನೊಳಗೆ ಇಳಿಯಿತು. ಮೂರನೇದು ಬಸ್ಸಿನ ಮೆಟ್ಟಿಲು, ನಾಲ್ಕನೇದು ತಂಗಿಯ ಮಗಳ ಮದುವೆ ಮಂಟಪ. ಐದನೇದು 2024ರ ಜನವರಿ, ಸಿದ್ಧೇಶ್ವರ ಜಾತ್ರೆ. ಗದ್ದಲದಲ್ಲಿ ಯಾರೋ ಹಿಂದಿನಿಂದ ನೂಕಿದರು. ಕಲ್ಲಿನ ಅಂಚಿನ ಮೇಲೆ ಪಾದ ಬಿತ್ತು. ಆ ಕ್ಷಣ "ಟಕ್" ಅಂದದ್ದು ನನಗೇ ಕೇಳಿಸಿತು.

ಆಮೇಲೆ ಮಾಡಿದ ಉಪಚಾರ ನಮ್ಮ ಕಡೆ ಎಲ್ಲರೂ ಮಾಡುವುದೇ. ಅತ್ತೆ ಅರಿಶಿನ ಸುಣ್ಣ ಕಲಸಿ ಹಚ್ಚಿದರು. ಹುಣಸೆ ಎಲೆ ಕುದಿಸಿ ಶಾಖ ಕೊಟ್ಟರು. ಅದರಿಂದ ಹಿತ ಆಯಿತು, ಅವರ ಕೈಯ ಪ್ರೀತಿಯನ್ನು ಮರೆಯುವುದಿಲ್ಲ. ಮೂರನೇ ದಿನ ಉಳುಕು ತೆಗೆಯುವವರೊಬ್ಬರ ಹತ್ತಿರ ಕರೆದುಕೊಂಡು ಹೋದರು. ಅವರು ಎಣ್ಣೆ ಹಚ್ಚಿ ಪಾದ ಹಿಡಿದು ಜೋರಾಗಿ ತಿರುವಿದರು. ಇಳಿಯುತ್ತಿದ್ದ ಬಾವು ಅವತ್ತು ರಾತ್ರಿ ದುಪ್ಪಟ್ಟಾಯಿತು. ಮರುದಿನ ಒಂದು ದೊಡ್ಡ ಆಸ್ಪತ್ರೆ. ಎಕ್ಸ್‌ರೇ ತೆಗೆದರು. "ಎಲುಬು ಮುರಿದಿಲ್ಲ, ಏನಿಲ್ಲ, 3 ವಾರ ರೆಸ್ಟ್" ಅಂದು ಕ್ರೇಪ್ ಬ್ಯಾಂಡೇಜು, ಗುಳಿಗೆ ಬರೆದುಕೊಟ್ಟರು. ಎರಡು ನಿಮಿಷದ ಮಾತು. "ಏನಿಲ್ಲ" ಅನ್ನುವ ಆ ಒಂದು ಶಬ್ದವನ್ನು ನಂಬಿ ನಾನು 8 ತಿಂಗಳು ಕಳೆದೆ. ಎಕ್ಸ್‌ರೇಯಲ್ಲಿ ಲಿಗಮೆಂಟ್ (ಎಲುಬಿಗೆ ಎಲುಬನ್ನು ಕಟ್ಟುವ ಹುರಿ) ಕಾಣುವುದೇ ಇಲ್ಲ ಅಂತ ಆಗ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಆ 8 ತಿಂಗಳ ನೋವು ವಿಚಿತ್ರವಾದದ್ದು. ಸಪಾಟು ರಸ್ತೆಯಲ್ಲಿ ಏನೂ ಇಲ್ಲ. ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹತ್ತು ಹೆಜ್ಜೆ ಬಿಗಿ. ಮೆಟ್ಟಿಲು ಹತ್ತುವಾಗ ಪರವಾಗಿಲ್ಲ, ಇಳಿಯುವಾಗ ಹರಡಿನ ಮುಂದೆ ಚುಚ್ಚುತ್ತದೆ. ಸಂಜೆ ಹೊರಗಿನ ಗಂಟಿನ ಮುಂದೆ ನಿಂಬೆಹಣ್ಣಿನಷ್ಟು ಬಾವು. ನೋವಿಗಿಂತ ಜಾಸ್ತಿ ಕಾಡಿದ್ದು ಹೆದರಿಕೆ. ಬಸ್ಸಿಳಿಯುವಾಗ, ಕಟ್ಟೆ ಇಳಿಯುವಾಗ ಕಾಲು ಕೈಕೊಡುತ್ತದೆ ಅನ್ನುವ ಹೆದರಿಕೆ. ನಾನು ನೆಲ ನೋಡಿಕೊಂಡೇ ನಡೆಯುವುದನ್ನು ಕಲಿತಿದ್ದೆ. ಮೈದಾನದಲ್ಲಿ ಕುರ್ಚಿ ಹಾಕಿಕೊಂಡು ಸೀಟಿ ಊದುತ್ತಿದ್ದೆ. ಅದು ನನಗೆ ತುಂಬಾ ನೋವಿನ ಸಂಗತಿ.

ಸೆಪ್ಟೆಂಬರಿನಲ್ಲಿ ಜೊತೆಯ ಶಿಕ್ಷಕಿಯೊಬ್ಬರು ಮೊಣಕಾಲಿಗೆ ಇಲ್ಲಿ ಹೋಗುತ್ತಿದ್ದರು. ಅವರ ಜೊತೆ ಬಂದೆ. ಎರಡನೇ ಮಹಡಿ, ಎರಡು ಕೋಣೆ, ನಾಲ್ಕು ಹಾಸಿಗೆ. ಗೋಡೆಗೆ ಕಟ್ಟಿದ ಬಣ್ಣ ಬಣ್ಣದ ರಬ್ಬರ್ ಪಟ್ಟಿಗಳು. ಮಷಿನುಗಳೂ ಇವೆ. ನೋಡಿಕೊಳ್ಳುವವರು ಒಬ್ಬರು ಹೆಣ್ಣುಮಗಳು, 35ರ ಆಸುಪಾಸು. ಜೊತೆಗೆ ಒಬ್ಬ ಹುಡುಗ ಸಹಾಯಕ.

ಮೊದಲ ದಿನ ಮೇಡಂ ಕಾಲು ಮುಟ್ಟುವ ಮೊದಲು 20 ನಿಮಿಷ ಮಾತೇ ಆಡಿದರು. ಐದೂ ಸಲದ ಕಥೆ ಕೇಳಿದರು. ಪ್ರತಿ ಸಲ ಬಿದ್ದ ಮೇಲೆ 4 ಹೆಜ್ಜೆ ಊರಿ ನಡೆದ್ರಾ ಅಂತ ಕೇಳಿದರು. ಹರಡಿನ ಎರಡೂ ಬದಿಯ ಎಲುಬಿನ ಹಿಂದಿನ ಅಂಚನ್ನು ಬೆರಳಿಂದ ಒತ್ತಿ ಒತ್ತಿ ನೋಡಿದರು. ಯಾಕೆ ಹೀಗೆ ಅಂತ ಕೇಳಿದೆ. ಕೆನಡಾದ ಒಟ್ಟಾವಾ ಊರಿನ ಡಾಕ್ಟರುಗಳು 1992ರಲ್ಲಿ ಒಂದು ನಿಯಮ ಮಾಡಿದ್ದಾರಂತೆ. ಹೊಸದಾಗಿ ಉಳುಕಿದಾಗ, ಗಂಟಿನ ಎಲುಬಿನ ಹಿಂದಿನ ಅಂಚಿನ ಕೆಳಗಿನ 6 ಸೆಂಟಿಮೀಟರಿನಲ್ಲಿ ಒತ್ತಿದರೆ ನೋವಿದ್ದರೆ, ಇಲ್ಲವೇ 4 ಹೆಜ್ಜೆ ನಡೆಯಲು ಆಗದಿದ್ದರೆ ಎಕ್ಸ್‌ರೇ ಬೇಕು. ಪಾದದ ಹೊರ ಅಂಚಿನಲ್ಲಿ, ಕಿರುಬೆರಳಿನ ಉದ್ದ ಎಲುಬಿನ ಬುಡದಲ್ಲಿ ನೋವಿದ್ದರೂ ಬೇಕು, ಒಳಬದಿಯಲ್ಲಿ ಪಾದದ ಕಮಾನಿನ ಮೇಲಿನ ಎಲುಬು ನೋಯುತ್ತಿದ್ದರೂ ಬೇಕು. ಹುಡುಗಿಯರನ್ನು ಆಡಿಸುವ ನನಗೆ ಈ ಒಂದು ಮಾತೇ ಅವತ್ತಿನ ಫೀಗೆ ಸಮ ಅನಿಸಿತು. 20 ವರ್ಷ ಮೈದಾನದಲ್ಲಿದ್ದೇನೆ, ಇದು ನನಗೆ ಗೊತ್ತಿರಲಿಲ್ಲ.

ಆಮೇಲೆ ಅಳತೆ. ಗೋಡೆಗೆ ಎದುರಾಗಿ ನಿಂತು, ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ಮುಟ್ಟಿಸಬೇಕು. ಹೆಬ್ಬೆರಳನ್ನು ಗೋಡೆಯಿಂದ ಎಷ್ಟು ದೂರದವರೆಗೆ ಇಟ್ಟರೆ ಮೊಣಕಾಲು ಮುಟ್ಟುತ್ತದೆ ಅಂತ ಟೇಪಿನಲ್ಲಿ ಅಳೆದರು. ಬಲಗಾಲು 11 ಸೆಂಟಿಮೀಟರ್. ಎಡಗಾಲು 5. ಮೆಟ್ಟಿಲು ಇಳಿಯುವಾಗ ಯಾಕೆ ಚುಚ್ಚುತ್ತದೆ ಅಂತ ಅಲ್ಲೇ ತಿಳಿಯಿತು. ಇಳಿಯುವಾಗ ಹಿಂದೆ ಉಳಿದ ಕಾಲಿನ ಹರಡು ಚೆನ್ನಾಗಿ ಮಡಚಬೇಕು. ನನ್ನದು ಮಡಚುತ್ತಲೇ ಇರಲಿಲ್ಲ.

ಕೊನೆಗೆ ಒಂಟಿ ಕಾಲಲ್ಲಿ ನಿಲ್ಲಿಸಿ ಕಣ್ಣು ಮುಚ್ಚು ಅಂದರು. ಬಲಗಾಲಲ್ಲಿ 26 ಸೆಕೆಂಡ್ ನಿಂತೆ. ಎಡಗಾಲಲ್ಲಿ ಕಣ್ಣು ಮುಚ್ಚಿದ ಕೂಡಲೇ ಮೈ ವಾಲಿತು. 3 ಸೆಕೆಂಡ್. ನಾನು ಕಾಲೇಜಿನಲ್ಲಿ ಖೋ ಖೋ ಆಡಿದವಳು, ಮಕ್ಕಳಿಗೆ ಯೋಗ ಹೇಳಿಕೊಡುವವಳು. ಕಣ್ಣಲ್ಲಿ ನೀರೇ ಬಂತು. ಮೇಡಂ ಭುಜ ಹಿಡಿದುಕೊಂಡು ಹೇಳಿದರು, "ಟೀಚರ್, ಬ್ಯಾನಿ ಹೋತು ಅಂದ್ರ ಕಾಲು ಆರಾಮಾತು ಅಂತ ತಿಳ್ಕೊಂಡ್ರಿ. ಅಲ್ಲೇ ತಪ್ಪಾಗ್ಯದ ನೋಡ್ರಿ."

ಅವರು ಬಿಡಿಸಿ ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಹರಡಿನ ಹೊರಬದಿಯಲ್ಲಿ ಎಲುಬಿನಿಂದ ಎಲುಬಿಗೆ ಕಟ್ಟಿದ 3 ಲಿಗಮೆಂಟುಗಳಿವೆ. ಪಾದ ಒಳಕ್ಕೆ ಹೊರಳಿದಾಗ ಹೆಚ್ಚಾಗಿ ಮೊದಲು ಪೆಟ್ಟು ತಿನ್ನುವುದು ಮುಂದಿನದು. ಅದು ಬರೀ ಹಗ್ಗ ಅಲ್ಲ. ಪಾದ ಈಗ ಎತ್ತ ವಾಲುತ್ತಿದೆ ಅಂತ ಮೆದುಳಿಗೆ ಸುದ್ದಿ ಕಳಿಸುವ ನರಗಳು ಅದರಲ್ಲಿವೆ. ಲಿಗಮೆಂಟ್ ಹರಿದಾಗ ಆ ಸುದ್ದಿಯೂ ಕೆಡುತ್ತದೆ. ಕೆಲವು ವಾರದಲ್ಲಿ ಗಾಯ ಕೂಡಿಕೊಳ್ಳುತ್ತದೆ, ನೋವು ಹೋಗುತ್ತದೆ. ಆದರೆ ಸುದ್ದಿ ತಡವಾಗಿಯೇ ಹೋಗುತ್ತಿರುತ್ತದೆ. ಕಣಕಾಲಿನ ಹೊರಬದಿಯ ಸ್ನಾಯು ಪಾದವನ್ನು ಹಿಡಿಯುವಷ್ಟರಲ್ಲಿ ಪಾದ ಹೊರಳಿ ಆಗಿರುತ್ತದೆ. ಹಾಗಾಗಿ ಒಂದು ಸಲ ಉಳುಕಿದ ಕಾಲೇ ಮತ್ತೆ ಮತ್ತೆ ಉಳುಕುತ್ತದೆ. ಇಂಗ್ಲೆಂಡಿನ ಫ್ರೀಮನ್ ಅನ್ನುವ ಡಾಕ್ಟರೂ ಅವರ ಜೊತೆಯವರೂ 1965ರಲ್ಲೇ ಇದನ್ನು ಬರೆದಿದ್ದಾರೆ. ಅಲುಗಾಡುವ ಹಲಗೆಯ ಮೇಲೆ ನಿಲ್ಲಿಸಿ ಅಭ್ಯಾಸ ಮಾಡಿಸಬೇಕು ಅಂತಲೂ ಆಗಲೇ ಹೇಳಿದ್ದಾರೆ. ನಾನು ಹುಟ್ಟುವ ಮೊದಲೇ ಗೊತ್ತಿದ್ದ ವಿಷಯ ನನ್ನ ಕಾಲಿಗೆ ತಲುಪಲು 5 ಉಳುಕು ಬೇಕಾಯಿತು.

ಎಂ.ಆರ್.ಐ. ಮಾಡಿಸಬೇಕಾ ಅಂತ ಕೇಳಿದೆ. ಈಗಲೇ ಬೇಡ ಅಂದರು. 6 ವಾರ ಸರಿಯಾಗಿ ವ್ಯಾಯಾಮ ಮಾಡೋಣ. ಆಗಲೂ ಒಳಗೆ ಏನೋ ಸಿಕ್ಕಿಕೊಂಡ ಹಾಗೆ ಆಗುತ್ತಿದ್ದರೆ, ಬಾವು ಇಳಿಯದಿದ್ದರೆ ಎಲುಬಿನ ಡಾಕ್ಟರ ಹತ್ತಿರ ನಾನೇ ಕಳಿಸುತ್ತೇನೆ, ಒಳಗಿನ ಮೃದ್ವಸ್ಥಿಗೋ (ಕೀಲಿನ ಮೆತ್ತನೆಯ ಎಲುಬು) ಸ್ನಾಯುರಜ್ಜುಗೋ (ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ) ಪೆಟ್ಟಾಗಿರಬಹುದು ಅಂದರು. ದಾರಿ ಹೀಗಿದೆ, ಇಲ್ಲಿ ಆಗದಿದ್ದರೆ ಮುಂದೆ ಇಲ್ಲಿಗೆ ಅಂತ ಮೊದಲೇ ಹೇಳಿದ್ದು ನನಗೆ ಧೈರ್ಯ ಕೊಟ್ಟಿತು. ಮಷಿನು ಹಚ್ಚಿ ದಿನಾ ಬನ್ನಿ ಅನ್ನಬಹುದಿತ್ತು. ಅನ್ನಲಿಲ್ಲ. ಮೊದಲ 3 ಸಲ ಮಾತ್ರ 10 ನಿಮಿಷ ಮಷಿನು ಹಚ್ಚಿದರು, ಆಮೇಲೆ ಅದರ ಮಾತೇ ಇಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ಉಳುಕಿಗೆ ವಿಶ್ರಾಂತಿ, ಐಸ್, ಪಟ್ಟಿ, ಕಾಲು ಮೇಲಿಡುವುದು ಅಂತ ನಾನು ಓದುವಾಗ ಬಾಯಿಪಾಠ ಮಾಡಿದ್ದೆ, ಮಕ್ಕಳಿಗೂ ಅದನ್ನೇ ಹೇಳುತ್ತಾ ಬಂದಿದ್ದೆ. 1978ರಲ್ಲಿ ಇದನ್ನು ಹೇಳಿದ ಅಮೆರಿಕದ ಡಾಕ್ಟರ್ ಗೇಬ್ ಮರ್ಕಿನ್ ಅವರೇ ಆಮೇಲೆ ಮಾತು ಬದಲಿಸಿದ್ದಾರೆ. ಐಸ್ ನೋವು ತಗ್ಗಿಸುತ್ತದೆ, ಆದರೆ ಅದೂ ಪೂರ್ತಿ ವಿಶ್ರಾಂತಿಯೂ ಗುಣವಾಗುವುದನ್ನು ತಡಮಾಡಬಹುದು ಅಂತ. ಈಗ ನಾನು ಮಕ್ಕಳಿಗೆ ಹೇಳುವುದನ್ನು ತಿದ್ದಿಕೊಂಡಿದ್ದೇನೆ. ಮುರಿದಿಲ್ಲ ಅಂತ ಖಾತ್ರಿಯಾದರೆ, ನೋವು ತಡೆಯುವಷ್ಟು ಕಾಲು ಊರಿ, ಬೇಗ ಅಲುಗಾಡಿಸಿ ಅಂತ.

12 ವಾರದಲ್ಲಿ ಸೆಂಟರಿಗೆ ಹೋದದ್ದು 12 ಸಲ ಮಾತ್ರ. ಉಳಿದದ್ದೆಲ್ಲ ಮನೆಯಲ್ಲಿ, ದಿನಾ 25 ನಿಮಿಷ. ಮೊದಲ ಎರಡು ವಾರ ಹರಡು ಬಿಡಿಸುವ ಕೆಲಸ. ಗೋಡೆಗೆ ಮೊಣಕಾಲು ಮುಟ್ಟಿಸುವುದು, ಮೀನಖಂಡ ಎಳೆಯುವುದು, ಪಾದದಿಂದ ಗಾಳಿಯಲ್ಲಿ ಅಕ್ಷರ ಬರೆಯುವುದು. ಬೇರೆಯವರಿಗೆ ಎ, ಬಿ, ಸಿ ಬರೆಸುತ್ತಾರೆ. ನಾನು ಅ ದಿಂದ ಳ ವರೆಗೆ ಬರೆದೆ. ನಮ್ಮ ಅಕ್ಷರದ ಗುಂಡುಗಳಿಗೆ ಹರಡು ಎಲ್ಲ ದಿಕ್ಕಿಗೂ ತಿರುಗುತ್ತದೆ, ಮಾಡಿ ನೋಡಿ.

ಆಮೇಲೆ ರಬ್ಬರ್ ಪಟ್ಟಿ. ಮಂಚದ ಕಾಲಿಗೆ ಕಟ್ಟಿ, ಪಾದಕ್ಕೆ ಸಿಕ್ಕಿಸಿ, ಪಾದವನ್ನು ಹೊರಕ್ಕೆ ಎಳೆಯಬೇಕು. 15ರ ಹಾಗೆ 3 ಸಲ. ಎಳೆಯುವುದಕ್ಕಿಂತ ನಿಧಾನವಾಗಿ ವಾಪಸ್ ಬಿಡುವುದು ಮುಖ್ಯ ಅಂತ ಮೇಡಂ ಪ್ರತಿ ಸಲ ಹೇಳುತ್ತಿದ್ದರು. ನಾನು ಗಡಿಬಿಡಿ ಮಾಡಿದರೆ "ಸಾವಕಾಶ್ರಿ ಟೀಚರ್, ಬಸ್ ತಪ್ಪಂಗಿಲ್ಲ" ಅನ್ನುತ್ತಿದ್ದರು. ಹಿಮ್ಮಡಿ ಎತ್ತಿ ಇಳಿಸುವುದು ಮೊದಲು ಎರಡೂ ಕಾಲಲ್ಲಿ, ನಂತರ ಒಂದರಲ್ಲೇ.

ನಿಜವಾದ ಕೆಲಸ ಒಂಟಿ ಕಾಲಿನದು. ಇದರ ಬಗ್ಗೆ ಜಾಸ್ತಿ ಹೇಳಲೇಬೇಕು. ಯಾಕೆಂದರೆ ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ನನ್ನ ಕಾಲನ್ನು ತಿರುಗಿ ಕೊಟ್ಟದ್ದೂ ಇದೇ. ಮೊದಲು ಅಡುಗೆಮನೆಯ ಕಟ್ಟೆ ಹಿಡಿದು, ಒಂದು ಬೆರಳು ಮಾತ್ರ ತಾಗಿಸಿ, ಎಡಗಾಲಲ್ಲಿ 30 ಸೆಕೆಂಡ್. ಹಾಲು ಉಕ್ಕುವವರೆಗೆ ಕಾಯುವ ಹೊತ್ತು ಇದಕ್ಕೇ ಮೀಸಲಾಯಿತು. ರೊಟ್ಟಿ ಬಡಿಯುವಾಗಲೂ ಮಾಡುತ್ತಿದ್ದೆ, ಅತ್ತೆ ಬೈದ ಮೇಲೆ ಬಿಟ್ಟೆ. ಒಲೆಯ ಹತ್ತಿರ ಬೇಡ, ಅವರು ಹೇಳಿದ್ದು ಸರಿ. ನಂತರ ಕೈ ಬಿಟ್ಟು. ನಂತರ ತಲೆ ಆಚೆ ಈಚೆ ತಿರುಗಿಸುತ್ತಾ. ನಂತರ ಕಣ್ಣು ಮುಚ್ಚಿ. ನಂತರ ಮಡಚಿದ ಕೌದಿಯ ಮೇಲೆ. ಕಣ್ಣು ಮುಚ್ಚಿ ನಿಂತಾಗ ಪಾದದ ಸಣ್ಣ ಸಣ್ಣ ಸ್ನಾಯುಗಳೆಲ್ಲ ಒಂದರ ಮೇಲೊಂದು ಅಲುಗುವುದು ಗೊತ್ತಾಗುತ್ತದೆ. ನಾಲ್ಕನೇ ವಾರ ಒಂದು ಬೆಳಿಗ್ಗೆ ಎಣಿಸುತ್ತಾ ಎಣಿಸುತ್ತಾ 10 ದಾಟಿತು. ಮಗನನ್ನು ಕೂಗಿ ಕರೆದು, ಇನ್ನೊಮ್ಮೆ ನಿಂತು ತೋರಿಸಿದೆ.

ಆರನೇ ವಾರಕ್ಕೆ ಅಲುಗಾಡುವ ಹಲಗೆ. ಸೆಂಟರಿನಲ್ಲಿ ಒಂದಿದೆ. ಅದರ ಅಳತೆ ತೆಗೆದುಕೊಂಡು ಹೋಗಿ ನಮ್ಮ ಓಣಿಯ ಬಡಿಗೇರರ ಹತ್ತಿರ ಒಂದು ಮಾಡಿಸಿದೆ. 40 ಸೆಂಟಿಮೀಟರ್ ಅಗಲದ ದುಂಡು ಪ್ಲೈವುಡ್, ಅಡಿಯಲ್ಲಿ ಅರ್ಧ ಚೆಂಡಿನ ಹಾಗೆ ಕಡೆದ ಕಟ್ಟಿಗೆ. 300 ರೂಪಾಯಿ ಆಯಿತು. ಮೇಲೆ ಹಳೆಯ ರಬ್ಬರ್ ಮ್ಯಾಟ್ ಅಂಟಿಸಿದೆ, ಜಾರುವುದಿಲ್ಲ. ಮೇಡಂ ನೋಡಿ ಖುಷಿಪಟ್ಟು ಅವರೂ ಬಡಿಗೇರರ ನಂಬರ್ ತೆಗೆದುಕೊಂಡರು. ಕೊನೆಯ ಮೂರು ವಾರ ಜಿಗಿತ, ಅಡ್ಡ ಹೆಜ್ಜೆ, ಎಂಟರ ಆಕಾರದ ಓಟ.

ಮೆಡಿಕಲ್ ಅಂಗಡಿಯಿಂದ ತಂದ ಕಾಲುಚೀಲದಂಥ ಬೆಲ್ಟ್ ತೋರಿಸಿದೆ. ಬೆಚ್ಚಗಿರುತ್ತದೆ, ಆದರೆ ಹೊರಳುವುದನ್ನು ಇದು ತಡೆಯುವುದಿಲ್ಲ ಅಂದರು. ಲೇಸ್ ಕಟ್ಟುವ, ಎರಡೂ ಬದಿಗೆ ಗಟ್ಟಿ ಪಟ್ಟಿ ಇರುವ ಬೆಲ್ಟ್ ತರಿಸಿದರು. 850 ರೂಪಾಯಿ. ಆಡಿಸುವಾಗ ಮಾತ್ರ ಹಾಕಬೇಕು. ಮನೆಯಲ್ಲಿ ಬೇಡ, ಕಾಲು ತನ್ನ ಕೆಲಸ ತಾನೇ ಮಾಡಲಿ ಅಂದರು. ಸೆಕೆಯಲ್ಲಿ ಇದರೊಳಗೆ ಬೆವರುತ್ತದೆ, ಶೂ ಒಂದು ಸೈಜ್ ದೊಡ್ಡದು ಬೇಕಾಗುತ್ತದೆ.

ಖರ್ಚು: ಮೊದಲ ದಿನ 400, ಮುಂದಿನ 11 ಸಲ 250ರ ಹಾಗೆ. ಒಟ್ಟು 3,150. ಬೆಲ್ಟು, ಪಟ್ಟಿ, ಹಲಗೆ ಬೇರೆ. 8 ತಿಂಗಳಲ್ಲಿ ಗುಳಿಗೆ, ಮುಲಾಮು, ಆಟೋ ಅಂತ ಇದಕ್ಕಿಂತ ಜಾಸ್ತಿ ಕಳೆದಿದ್ದೆ.

ಹಿಡಿಸದ್ದೂ ಇದೆ. ಕಾಲು, ಮೊಣಕಾಲು ನೋವಿನವರೇ ಬರುವ ಜಾಗ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಮೆಟ್ಟಿಲಿಗೆ ಒಂದೇ ಬದಿ ಹಿಡಿಕೆ. ಮಳೆ ಬಂದ ದಿನ ನುಣುಪು ಕಲ್ಲು ಜಾರುತ್ತದೆ. ನಾನು ಎರಡು ಸಲ ಹೇಳಿದೆ, ಕಟ್ಟಡದ ಮಾಲೀಕರು ಒಪ್ಪಬೇಕು ಅಂದರು. ದಯವಿಟ್ಟು ಇದನ್ನು ಸರಿ ಮಾಡಿಸಿ. ಸಂಜೆ 6ರ ಮೇಲೆ ಟೈಮ್ ಕೊಟ್ಟರೂ 40 ನಿಮಿಷ ಕಾಯಿಸುತ್ತಾರೆ. ಹೆಣ್ಣುಮಕ್ಕಳಿಗೆ ಬೇರೆ ಕೋಣೆ ಇಲ್ಲ, ಪರದೆ ಇದೆ. ಸೊಂಟ ನೋವಿಗೆ ಬಂದ ಹಳ್ಳಿಯ ಹೆಂಗಸರು ಮುಜುಗರ ಪಡುವುದನ್ನು ನೋಡಿದ್ದೇನೆ. ವ್ಯಾಯಾಮದ ಹಾಳೆ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಈ ಒಂದು ವಿಷಯದಲ್ಲಿ ಮೇಡಂ ನನ್ನ ಮಾತನ್ನು ತಕ್ಷಣ ಕೇಳಿದರು. ನಾನೇ ಕುಳಿತು ಕನ್ನಡದಲ್ಲಿ ಬರೆದುಕೊಟ್ಟೆ, ಈಗ ಅದರ ಜೆರಾಕ್ಸ್ ಎಲ್ಲರಿಗೂ ಕೊಡುತ್ತಿದ್ದಾರೆ.

ಈಗ ಕಾಲು ಹೇಗಿದೆ? ಗೋಡೆಯ ಅಳತೆ 5ರಿಂದ 9 ಸೆಂಟಿಮೀಟರಿಗೆ ಬಂದಿದೆ. ಕಣ್ಣು ಮುಚ್ಚಿ 22 ಸೆಕೆಂಡ್ ನಿಲ್ಲುತ್ತೇನೆ. ತುಂಬಾ ಹೊತ್ತು ನಿಂತ ದಿನ ಸಂಜೆ ಸ್ವಲ್ಪ ಬಿಗಿ ಇರುತ್ತದೆ. ಪೂರ್ತಿ ಹೊಸ ಕಾಲಾಗಿಲ್ಲ, ಹಾಗಂತ ಮೇಡಂ ಯಾವತ್ತೂ ಮಾತು ಕೊಟ್ಟಿರಲಿಲ್ಲ. ವಾರಕ್ಕೆ ಮೂರು ದಿನ ವ್ಯಾಯಾಮ ಮುಂದುವರಿಸಲೇಬೇಕು ಅಂದಿದ್ದಾರೆ.

ಜನವರಿಯಲ್ಲಿ ಒಂಬತ್ತನೇ ತರಗತಿಯ ಮಕ್ಕಳನ್ನು ಗೋಳಗುಮ್ಮಟಕ್ಕೆ ಕರೆದುಕೊಂಡು ಬಂದೆವು. ಹಿಂದಿನ ಪ್ರವಾಸದಲ್ಲಿ ನಾನು ಕೆಳಗೆ ಚೀಲ ಕಾಯುತ್ತಾ ಕುಳಿತಿದ್ದೆ. ಈ ಸಲ ಹತ್ತಿದೆ. ಮೂಲೆಯ ಗೋಪುರದೊಳಗಿನ ಆ ಮೆಟ್ಟಿಲು ನೋಡಿದವರಿಗೆ ಗೊತ್ತು. ಇಕ್ಕಟ್ಟು, ಎತ್ತರ, ನಡುನಡುವೆ ಕತ್ತಲು, ತುಳಿದು ತುಳಿದು ಸವೆದ ಕಲ್ಲು. ಏಳು ಅಂತಸ್ತು. ಮೇಲೆ ಪಿಸುಮಾತಿನ ಗ್ಯಾಲರಿಯಲ್ಲಿ ಮಕ್ಕಳು ಒಬ್ಬರ ಹೆಸರು ಒಬ್ಬರು ಕೂಗಿ ಪ್ರತಿಧ್ವನಿ ಕೇಳುತ್ತಿದ್ದರು. ನನ್ನ ಮನಸ್ಸೆಲ್ಲ ಇಳಿಯುವುದರ ಮೇಲಿತ್ತು. ಇಳಿದೆ. ಗೋಡೆಗೆ ಕೈ ಇಟ್ಟಿದ್ದೆ, ಆದರೆ ಭಾರ ಹಾಕಲಿಲ್ಲ. ಹರಡಿನ ಮುಂದೆ ಆ ಚುಚ್ಚು ಬರಲಿಲ್ಲ. ಕೆಳಗೆ ಬಂದು ಹುಲ್ಲಿನ ಮೇಲೆ ಕುಳಿತು ಮೇಡಂಗೆ ಫೋನ್ ಮಾಡಿದೆ.

ನಮ್ಮ ಖೋ ಖೋ ಟೀಮಿನ ಹುಡುಗಿಯರು ಈಗ ಓಟಕ್ಕೆ ಮೊದಲು ಸಾಲಾಗಿ ಒಂಟಿ ಕಾಲಲ್ಲಿ ನಿಲ್ಲುತ್ತಾರೆ, ಕಾಲಿಗೊಂದು ನಿಮಿಷ. ಹೋದ ತಿಂಗಳು ಒಬ್ಬಳಿಗೆ ಕಾಲು ಉಳುಕಿತು. ನಾಲ್ಕು ಹೆಜ್ಜೆ ನಡೆಸಿ ನೋಡಿದೆ, ನಡೆದಳು. ಎಲುಬಿನ ಅಂಚು ಒತ್ತಿ ನೋಡಿದೆ, ನೋವಿಲ್ಲ. ಅವಳ ಅವ್ವನಿಗೆ, "ಇದು ಮೊದಲನೇ ಸಲ ಅದ, ಈಗಲೇ ಸರಿ ಮಾಡೂಣು ಬಾ" ಅಂತ ಹೇಳಿ ಶನಿವಾರ ಇಬ್ಬರನ್ನೂ ಇಲ್ಲಿಗೆ ಕರೆತಂದೆ. ಶಾಲೆಯ ಹುಡುಗಿ ಅಂತ ಮೇಡಂ ಅರ್ಧ ಫೀ ತೆಗೆದುಕೊಂಡರು.

ಹೋಗುವವರು ಮಧ್ಯಾಹ್ನ 4ಕ್ಕೆ ಹೋಗಿ, ಜನ ಕಡಿಮೆ. ಭಾನುವಾರ ರಜೆ. ಹಳೆಯ ಎಕ್ಸ್‌ರೇ ಇದ್ದರೆ ಜೊತೆಗೆ ಒಯ್ಯಿರಿ, ದಿನಾ ಹಾಕುವ ಚಪ್ಪಲಿಯನ್ನೇ ಹಾಕಿಕೊಂಡು ಹೋಗಿ. ಅದು ಯಾವ ಬದಿಗೆ ಸವೆದಿದೆ ಅಂತ ಮೇಡಂ ತಿರುವಿ ನೋಡುತ್ತಾರೆ.